ಹೊರಗಿನ ಅಳತೆ

ಪ್ರಭುದೇವ ನಾಲ್ಕನೆಯ ಸಲ ಅಳತೆ ತೆಗೆದುಕೊಳ್ಳಲು ಬಂದಾಗ ಪ್ರಣೀತಾ ಬಾಗಿಲು ತೆರೆದಳೇ ಹೊರತು ದಾರಿ ಬಿಡಲಿಲ್ಲ. ಹೊಸ್ತಿಲಲ್ಲೇ ನಿಂತು, ಗೋಡೆ ಕಳೆದ ವಾರ ಎಷ್ಟಿತ್ತೋ ಈ ವಾರವೂ ಅಷ್ಟೇ ಇದೆ, ಖಾರಘರದಲ್ಲಿ ಬಾಡಿಗೆ ಬೆಳೆಯುತ್ತದೆ, ಗೋಡೆ ಬೆಳೆಯುವುದಿಲ್ಲ ಎಂದಳು.

"ಹೌದ್ರಿ, ಅದೂ ಖರೇನ," ಎಂದು ಅವನು ಒಪ್ಪಿಕೊಂಡ. ಒಪ್ಪಿಕೊಂಡು, ಚಪ್ಪಲಿ ಬಿಟ್ಟು, ಅವಳು ಪಕ್ಕಕ್ಕೆ ಸರಿಯುವವರೆಗೆ ಚೀಲ ಹಿಡಿದು ಸುಮ್ಮನೆ ನಿಂತ.

ತೊಂದರೆ ಇದ್ದದ್ದೇ ಇಲ್ಲಿ. ಆ ಮನುಷ್ಯನ ಜೊತೆ ಜಗಳವಾಡಲು ಆಗುತ್ತಿರಲಿಲ್ಲ. ಏನು ಬೈದರೂ ಹೌದ್ರಿ ಎನ್ನುತ್ತಿದ್ದ, ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ನೋಡೂಣ್ರಿ ಎನ್ನುತ್ತಿದ್ದ. ಮೂವತ್ತೊಂದು ವರ್ಷ ಮುಂಬೈಯ ಈ ಬದಿಯಲ್ಲಿ ಬೆಳೆದ ಪ್ರಣೀತಾಳಿಗೆ ಪ್ಲಂಬರುಗಳ ಸುಳ್ಳು ಗೊತ್ತಿತ್ತು, ಬಡಗಿಗಳ ನಾಪತ್ತೆ ಗೊತ್ತಿತ್ತು. ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು, ತಲೆ ತಗ್ಗಿಸಿ ಕೆಲಸ ಮಾಡಿ, ಆದರೂ ಕೆಲಸ ಮುಗಿಸದ ಮನುಷ್ಯನನ್ನು ಅವಳು ಕಂಡಿರಲಿಲ್ಲ.

ಅವನು ಹಾಕಬೇಕಿದ್ದದ್ದು ಒಂದೇ ಒಂದು ಕಿಟಕಿ.

ಪ್ರಣೀತಾಳ ಫ್ಲ್ಯಾಟಿಗೆ ಒಂದು ಟೆರೇಸ್ ಇತ್ತು. ಎದುರಿಗೆ ಗುಡ್ಡ, ಸಂಜೆಗೆ ಗಾಳಿ, ಇಪ್ಪತ್ತು ಜನ ಆರಾಮಾಗಿ ಕೂರುವಷ್ಟು ಜಾಗ. ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಇದ್ದ ಆ ಟೆರೇಸಿಗೆ ಬಾಗಿಲು ಮಾತ್ರ ಹಿಂದಿನ ಬೆಡ್‌ರೂಮಿನಿಂದ. ಅಡುಗೆಮನೆಯಿಂದ ಹಾಲ್, ಹಾಲ್‌ನಿಂದ ಬೆಡ್‌ರೂಮ್, ಮಂಚ ಸುತ್ತಿ ಬಾಗಿಲು, ಬಾಗಿಲಾಚೆ ಒಂಬತ್ತು ಇಂಚಿನ ಒಂದು ಮೆಟ್ಟಿಲು ಇಳಿದರೆ ಟೆರೇಸ್. ಈ ನಕ್ಷೆ ಬರೆದವನು ಜೀವನದಲ್ಲಿ ಒಮ್ಮೆಯೂ ಬಿಸಿ ಪಾತ್ರೆ ಎತ್ತಿದವನಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಎರಡು ವರ್ಷದ ಹಿಂದೆ ಅವಳು ವಾಶಿಯ ಹೋಟೆಲೊಂದರ ಕೆಲಸ ಬಿಟ್ಟು ಈ ಟೆರೇಸಿನಲ್ಲಿ ಭಾನುವಾರದ ಊಟ ಶುರು ಮಾಡಿದ್ದಳು. ಮಸಾಲೆ, ಗಸಿ ಅಮ್ಮನದು; ದೋಸೆ ಹುಯ್ಯುವುದು, ಬಡಿಸುವುದು ಇವಳದು. ಫೋನಿನಲ್ಲಿ ಹೆಸರು ಬರೆಸಿದ ಕರಾವಳಿಯ ಕಡೆಯವರು ಬಂದು ನೀರುದೋಸೆ, ಕೋರಿರೊಟ್ಟಿ, ಬಂಗುಡೆ ಮೀನಿನ ಗಸಿ ಉಂಡು, ಅಮ್ಮನ ಕೈ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದರು. ಠಾಣೆಯಿಂದ, ಡೊಂಬಿವಲಿಯಿಂದ ಎರಡು ಟ್ರೇನ್ ಬದಲಿಸಿ ಬರುವವರಿದ್ದರು. ಪ್ರಣೀತಾಳಿಗೆ ಪ್ರಪಂಚದಲ್ಲಿ ಇದಕ್ಕಿಂತ ಹೆಚ್ಚು ಇಷ್ಟದ್ದು ಬೇರೆ ಏನೂ ಇರಲಿಲ್ಲ.

ಆದರೆ ಕಳೆದ ಬೇಸಿಗೆಯಲ್ಲಿ ಆ ಮೆಟ್ಟಿಲಿನಲ್ಲಿ ಅಮ್ಮ ಗಸಿಯ ಪಾತ್ರೆ ಸಮೇತ ಬಿದ್ದು ಮೊಣಕಾಲು ಊದಿಸಿಕೊಂಡಳು. ಮಳೆಗಾಲವಿಡೀ ಊಟ ನಿಂತಿತು. ದೀಪಾವಳಿ ಕಳೆದ ಮೇಲೆ ಮತ್ತೆ ಶುರು ಮಾಡೋಣ ಎಂದು ಮಗಳು ಹೇಳಿದಾಗ ಅಮ್ಮ ಒಂದೇ ಮಾತು ಹೇಳಿದಳು. ಅಡುಗೆಮನೆಯಿಂದ ನೇರ ಟೆರೇಸಿಗೆ ಪಾತ್ರೆ ಕೊಡುವ ಹಾಗಿದ್ದರೆ ಸರಿ. ಇನ್ನೊಂದು ಸಲ ಒಬ್ಬರಾದರೂ ಬೆಡ್‌ರೂಮಿನಿಂದ ಸಾರು ಹೊತ್ತುಕೊಂಡು ಹೋಗುವುದು ಕಂಡರೆ ಅಂದಿಗೇ ಒಲೆ ಆರಿಸಿ, ಠಾಣೆಯಲ್ಲಿ ಮಗ ಮಯೂರನ ಮನೆಗೆ ಹೋಗಿ ಕೂರುತ್ತೇನೆ. ಅಮ್ಮ ಹೇಳಿದ ಮೇಲೆ ಹೇಳಿದಂತೆಯೇ. ನವೆಂಬರಿನ ಮೂರನೆಯ ಭಾನುವಾರಕ್ಕೆ ಇಪ್ಪತ್ತು ಜನ ಹೆಸರು ಬರೆಸಿಯಾಗಿತ್ತು.

ಅಡುಗೆಮನೆಯ ಆ ಗೋಡೆಯಲ್ಲಿ ಹೊಗೆ ಹೋಗಲು ಒಂದು ಸಣ್ಣ ಕಿಟಕಿ ಮೊದಲಿನಿಂದ ಇತ್ತು. ಅದನ್ನು ದೊಡ್ಡದು ಮಾಡಿ, ಕೆಳಗೆ ಒಳಗೂ ಹೊರಗೂ ಚಾಚಿದ ಗ್ರಾನೈಟ್ ಹಲಗೆ ಇಟ್ಟು, ಕಾರಿನ ಡಿಕ್ಕಿಯ ಹಾಗೆ ಇಡೀ ಗಾಜು ಮೇಲಕ್ಕೆ ಏಳುವಂತೆ ಮಾಡಿದರೆ ಅಲ್ಲಿಂದಲೇ ಬಡಿಸಬಹುದು. ಇಂಥದ್ದನ್ನು ಮಾಡುವವನು ಕಲ್ಯಾಣದಲ್ಲಿ ಒಬ್ಬನಿದ್ದಾನೆ, ಕನ್ನಡದವನೇ, ವಿಜಯಪುರದ ಕಡೆಯವನು ಎಂದು ನಂಬರು ಕೊಟ್ಟವನು ಮಯೂರ್. ಕನ್ನಡದವನು ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಂಬಬಾರದು ಎಂದು ಪ್ರಣೀತಾ ಈಗ ಕಲಿತಿದ್ದಳು.

ಮೊದಲ ಸಲ ಬಂದಾಗ ಅವನು ಗೋಡೆಯನ್ನು ಅಳೆದದ್ದು ಎರಡೇ ನಿಮಿಷ. ಆಮೇಲೆ ಅವಳನ್ನೇ ಗೋಡೆಯ ಹತ್ತಿರ ನಿಲ್ಲಲು ಹೇಳಿದ. ದೊಡ್ಡ ಪಾತ್ರೆ ಹಿಡಿದುಕೊಳ್ಳಿ ಎಂದ. ಅವಳು ಖಾಲಿ ಪಾತ್ರೆ ಎತ್ತಿದರೆ ಅವನು ತಲೆಯಾಡಿಸಿದ.

"ನೀರು ತುಂಬ್ರಿ. ಖಾಲಿ ಪಾತ್ರಿ ಹಿಡದ್ರ ಕೈ ಸುಳ್ಳು ಹೇಳತೈತಿ."

ತುಂಬಿದ ಪಾತ್ರೆ ಹಿಡಿದು ಅವಳು ನಿಂತಳು. ಅವನು ಅವಳಿಗೆ ತಾಗದಂತೆ ಒಂದು ಗೇಣು ದೂರದಲ್ಲಿ ಬಗ್ಗಿ, ಮೊಣಕೈ ಎಲ್ಲಿ ಬರುತ್ತದೆ ಎಂದು ನೋಡಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದ. ಅವನ ರೆಪ್ಪೆಯ ಮೇಲೆ ಅಲ್ಯುಮಿನಿಯಂ ಪುಡಿ ಕೂತಿದ್ದನ್ನು ಅವಳು ಆಗ ನೋಡಿದಳು. ಹೀಗೆ ನಿಂತು ದಿನಕ್ಕೆ ಎಷ್ಟು ತಾಸು ಕೆಲಸ ಮಾಡುತ್ತೀರಿ ಎಂದು ಅವನು ಕೇಳಿದ. ಐದು ಎಂದಳು. ಭುಜ ಎಡಕ್ಕೆ ನೋಯುತ್ತದೋ ಬಲಕ್ಕೋ ಎಂದು ಕೇಳಿದ. ಈ ಪ್ರಶ್ನೆಯನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಹೆತ್ತ ಅಮ್ಮನೂ.

ಬಲಕ್ಕೆ ಎಂದಳು. ಹೇಳುವಾಗ ಸುಮ್ಮನೆ ಮುಖ ಬಿಸಿಯಾಯಿತು.

ಎರಡನೆಯ ಸಲ ಬಂದದ್ದು ಅವಳ ಕೈ ಎಷ್ಟು ದೂರ ಚಾಚುತ್ತದೆ ಎಂದು ನೋಡಲು. ಮೂರನೆಯ ಸಲ ಅವಳು ಒಲೆಯಿಂದ ತಿರುಗುವಾಗ ಯಾವ ಕಾಲು ಮುಂದಿಡುತ್ತಾಳೆ ಎಂದು ನೋಡಲು. ಈ ನಾಲ್ಕನೆಯ ಸಲದ ಕಾರಣ ಕೇಳಿ ಅವಳಿಗೆ ತಲೆ ಗೋಡೆಗೆ ಚಚ್ಚಿಕೊಳ್ಳುವಂತಾಯಿತು.

"ಅಡಗಿ ಮಾಡುವಾಗ ಚಪ್ಪಲಿ ಹಾಕ್ಕೋತೀರೇನ್ರಿ?"

"ಹಾಕ್ತೇನೆ. ಅದಕ್ಕೆ ಎಂತ ಈಗ?"

"ಅರ್ಧ ಇಂಚು ಫರಕ್ ಬೀಳತೈತ್ರಿ. ರಾತ್ರಿ ನೆನಪಾತು. ನಿದ್ದಿ ಬರಲಿಲ್ಲ."

ಅರ್ಧ ಇಂಚಿಗೆ ನಿದ್ದೆ ಕೆಡಿಸಿಕೊಂಡು ಕಲ್ಯಾಣದಿಂದ ಠಾಣೆಗೆ, ಠಾಣೆಯಿಂದ ಖಾರಘರಕ್ಕೆ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದವನಿಗೆ ಏನು ಹೇಳುವುದು? ಅವಳು ಚಪ್ಪಲಿ ಹಾಕಿಕೊಂಡು ಬಂದು, ಪಾತ್ರೆಗೆ ನೀರು ತುಂಬಿ, ಮತ್ತೆ ಗೋಡೆಗೆ ನಿಂತಳು. ಅವನು ಹಳೆಯ ಗೆರೆಯ ಮೇಲೆ ಹೊಸ ಗೆರೆ ಎಳೆದ. ಅವನು ಬಗ್ಗಿದಾಗ ಅವಳು ಉಸಿರು ಹಿಡಿದಿದ್ದಳು, ಅವನು ಎದ್ದ ಮೇಲೂ ಹಿಡಿದೇ ಇದ್ದಳು.

ಗೋಡೆ ಒಡೆಯುವುದು ಇನ್ನೊಂದು ರಗಳೆ. ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಪುಂಡರೀಕಾಕ್ಷರು ಸದ್ದಿನ ಕೆಲಸಕ್ಕೆ ಕೊಟ್ಟ ಸಮಯ ಹನ್ನೊಂದರಿಂದ ಒಂದರವರೆಗೆ. ಒಡೆದ ಇಟ್ಟಿಗೆ ಮಣ್ಣನ್ನು ಲಿಫ್ಟಿನಲ್ಲಿ ಒಯ್ಯಲು ತಿಂಗಳಿಗೆ ಒಂದೇ ಶುಕ್ರವಾರ. ಹಾಗಾಗಿ ಮಣ್ಣಿನ ಮೂಟೆಗಳೆಲ್ಲ ಟೆರೇಸಿನಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿ ಸಾಲಾಗಿ ಬಿದ್ದವು. ಅವುಗಳ ಮೇಲೆ ಒಂದು ಹಲಗೆ ಹಾಕಿ ಪ್ರಭುದೇವ ಹೊರಗಿನ ಕೆಲಸ ಮಾಡತೊಡಗಿದ.

ಗೋಡೆಯಲ್ಲಿ ದೊಡ್ಡ ತೂತು ಬಿದ್ದ ಮೇಲೆ ಮನೆ ಧೂಳಾಯಿತು, ಅಮ್ಮ ಗೊಣಗಿದಳು, ಪ್ರಣೀತಾ ದಿನಕ್ಕೆ ಎರಡು ಸಲ ಒರೆಸಿದಳು. ಆದರೆ ಆ ತೂತಿನಿಂದಾಗಿ ಇನ್ನೊಂದು ಸಂಗತಿಯೂ ನಡೆಯಿತು. ಒಂದು ಗಂಟೆಗೆ ಸದ್ದು ನಿಂತಾಗ ಅಮ್ಮ ಅವನಿಗೆ ಊಟ ಕೊಡಲು ಹೇಳುತ್ತಿದ್ದಳು, ಪ್ರಣೀತಾ ತಟ್ಟೆಯನ್ನು ತೂತಿನಿಂದಲೇ ದಾಟಿಸುತ್ತಿದ್ದಳು. ಅವನು ಮೀನು ಮುಟ್ಟುವವನಲ್ಲ ಎಂದು ಮೊದಲ ದಿನವೇ ತಿಳಿದು ಅಮ್ಮ ಬೇರೆ ಒಲೆಯಲ್ಲಿ ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ, ಅಲಸಂದೆ ಪಲ್ಯ ಮಾಡಿಟ್ಟಿರುತ್ತಿದ್ದಳು. ಅವನು ಹಲಗೆಯ ಮೇಲೆ ನಿಂತೇ ಉಣ್ಣುತ್ತಿದ್ದ. ಅವಳು ಒಳಗೆ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಇಬ್ಬರ ನಡುವೆ ಒಡೆದು ಉಳಿದ ಇಟ್ಟಿಗೆ ಗೋಡೆಯ ಮೋಟು ಮಾತ್ರ.

ಅವಳು ಬೈಯುತ್ತಿದ್ದಳು, ಅವನು ಕೇಳುತ್ತಿದ್ದ. ಬೈಗುಳ ಮುಗಿದ ಮೇಲೆ ಬೇರೆ ಮಾತು ಬರುತ್ತಿತ್ತು. ಅವನ ಅಪ್ಪ ಕಾಡಪ್ಪ ಟ್ರಂಕು ಮಾಡುವ ಕೆಲಸಕ್ಕೆಂದು ಕಲ್ಯಾಣಕ್ಕೆ ಬಂದವರು, ಈಗ ಇಲ್ಲ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವನೂ ಅವ್ವನೂ ಇದ್ದಾರೆ. ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಅವ್ವ ಕಲ್ಲವ್ವನಿಗೆ ಮರಾಠಿ ಬರುವುದಿಲ್ಲ, ಆದರೆ ತರಕಾರಿಯವಳು ಕನ್ನಡ ಕಲಿತಿದ್ದಾಳೆ. ಇದನ್ನು ಹೇಳುವಾಗ ಅವನು ನಕ್ಕ. ಅವನಿಗೆ ನಗಲು ಬರುತ್ತದೆ ಎಂಬುದು ಪ್ರಣೀತಾಳಿಗೆ ಹೊಸ ಸಮಾಚಾರ. ಆ ಮಧ್ಯಾಹ್ನ ಅವಳು ಎರಡು ಸಲ ಪಲ್ಯ ಬಡಿಸಿದಳು, ಮೂರನೆಯ ಸಲ ಕೇಳಿದಾಗ ಅವನು ತಟ್ಟೆ ಹಿಂದಕ್ಕೆ ಎಳೆದುಕೊಂಡ, ಇವಳು ಚಮಚ ಮುಂದಕ್ಕೆ ಚಾಚಿದಳು, ಅವನು ಸೋತ.

ಅವನು ಬಾರದ ದಿನ ಅವಳು ಬಾಗಿಲ ಕರೆಗಂಟೆಗೆ ಕಿವಿಗೊಟ್ಟಿರುತ್ತಿದ್ದಳು. ತನ್ನ ಮೇಲೆಯೇ ರೇಗಿಕೊಂಡು ಒರೆಸಿದ್ದನ್ನೇ ಒರೆಸುತ್ತಿದ್ದಳು.

ಕೊನೆಗೂ ಭಾನುವಾರಕ್ಕೆ ಹತ್ತು ದಿನ ಇರುವಾಗ ಆಚೆ ಕಾಣದ ಮಬ್ಬು ಗಾಜಿನ ಕಿಟಕಿ ಬಂತು. ಕೂರಿಸಿಯೂ ಆಯಿತು. ಅವನು ಎತ್ತಿದರೆ ಸಲೀಸಾಗಿ ಎದ್ದಿತು. ಅವಳು ಇಳಿಸಲು ಹೋದರೆ, ಗಾಜನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ಪಂಪುಗಳು ಎಷ್ಟು ಬಿಗಿಯಾಗಿದ್ದವೆಂದರೆ ಅವಳು ಹಿಡಿಕೆಗೆ ಜೋತುಬಿದ್ದರೂ ಅದು ಅಲ್ಲಾಡಲಿಲ್ಲ. ಅವಳು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನು ಸ್ಕ್ರೂ ಬಿಚ್ಚತೊಡಗಿದ್ದ. ಇದು ನಿಮ್ಮ ಕೈಗೆ ಭಾರ, ಬೇರೆ ಪಂಪು ತರಿಸಬೇಕು, ಒಂದು ವಾರ ಆಗುತ್ತದೆ ಎಂದ. ಅಮ್ಮ ಬೆಡ್‌ರೂಮಿನಿಂದ ಇಣುಕಿ, ಠಾಣೆಗೆ ಹೋಗಲು ಬಟ್ಟೆ ತುಂಬಿಡುವುದಾ ಎಂದು ಕೇಳಿದಳು.

ಆ ದಿನ ಫೋನಿನಲ್ಲಿ ಅವಳು ಮಯೂರನ ಮೇಲೆ ಎಲ್ಲ ಸಿಟ್ಟನ್ನೂ ತೀರಿಸಿಕೊಂಡಳು. ಅವನು ಕೇಳಿ ಕೇಳಿ ನಗತೊಡಗಿದ.

"ಅಕ್ಕಾ, ಸಮಝ್ ನಾ. ಒಂದು ಖಿಡ್ಕಿಗೋಸ್ಕರ ಕಲ್ಯಾಣದಿಂದ ಇಷ್ಟು ಸಲ ಕೌನ್ ಆತಾ ಹೈ? ಅವ್ನು ಬೇಕಂತ ಟೈಮ್ ಪಾಸ್ ಮಾಡ್ತಿದ್ದಾನೆ. ತುಝೇ ದೇಖ್ನೇ ಕೋ, ನಿನ್ನನ್ನು ನೋಡೋಕೆ."

ಅವಳು ಫೋನ್ ಇಟ್ಟಳು. ಮೊದಲು ಒಳಗೊಳಗೇ ಖುಷಿಯಾಯಿತು, ನಿಜ ಹೇಳಬೇಕೆಂದರೆ ಬಹಳ ಖುಷಿಯಾಯಿತು. ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಆಮೇಲೆ ಬಟ್ಟೆ ತುಂಬಿಡುವುದಾ ಎಂದ ಅಮ್ಮನ ಮುಖ ನೆನಪಾಯಿತು. ತನ್ನನ್ನು ನೋಡುವ ನೆಪಕ್ಕೆ ತನ್ನ ಭಾನುವಾರಗಳನ್ನೇ ಹಾಳು ಮಾಡುವವನು ಎಂಥ ಮನುಷ್ಯ?

ಗುರುವಾರ ಅವನು ಹೊಸ ಪಂಪುಗಳೊಂದಿಗೆ ಬಂದ. ಚೀಲ ಕೆಳಗಿಡುವ ಮೊದಲೇ ಅವಳು ಕೇಳಿಬಿಟ್ಟಳು.

"ಪ್ರಭುದೇವರೇ, ನೀವು ಬೇಕಂತಲೇ ಕೆಲಸ ಕೆಡಿಸಿ ಕೆಡಿಸಿ ಬರ್ತಾ ಇದ್ದೀರಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ಚೀಲವನ್ನು ಮೆಲ್ಲಗೆ ಕೆಳಗಿಟ್ಟ. ಹೌದ್ರಿ ಎನ್ನಲಿಲ್ಲ, ನೋಡೂಣ್ರಿ ಎನ್ನಲಿಲ್ಲ.

"ಕೆಲಸ ಕೆಡಿಸಿ ನಿಮ್ಮನ್ನ ನೋಡಾಕ ಬರೂ ಅಂಥಾವ ಅಲ್ರಿ ನಾನು," ಎಂದ.

ಅಷ್ಟೇ. ಪಂಪು ಕೂರಿಸಿದ, ಗಾಜು ಒರೆಸಿದ, ಗ್ರಾನೈಟ್ ಹಲಗೆಯ ಅಂಚಿಗೆ ಕೈಯಾಡಿಸಿ ಎಲ್ಲಿಯೂ ಚುಚ್ಚುವುದಿಲ್ಲವೆಂದು ನೋಡಿದ. ಅಮ್ಮ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ನಾಳೆ ಶುಕ್ರವಾರ ಇಬ್ಬರು ಆಳುಗಳು ಬಂದು ಮೂಟೆಗಳನ್ನು ಒಯ್ಯುತ್ತಾರೆ, ಕೆಲಸ ಮುಗಿಯಿತು ಎಂದು ಅಮ್ಮನಿಗೆ ಹೇಳಿ ಹೊರಟುಹೋದ.

ಅವನು ಹೋದ ಮೇಲೆ ಪ್ರಣೀತಾ ಕಿಟಕಿಯ ಮುಂದೆ ನಿಂತಳು. ಒಂದು ಬೆರಳಿನಿಂದ ಎತ್ತಿದರೆ ಗಾಜು ಮೇಲೆದ್ದಿತು, ಒಂದು ಬೆರಳಿನಿಂದ ಎಳೆದರೆ ಇಳಿಯಿತು. ತುಂಬಿದ ಪಾತ್ರೆ ಎತ್ತಿ ಹಲಗೆಯ ಮೇಲಿಟ್ಟಳು. ಮೊಣಕೈ ಬಾಗಲೂ ಇಲ್ಲ, ಭುಜ ಏಳಲೂ ಇಲ್ಲ. ಇಡೀ ಮನೆಯಲ್ಲಿ ಅವಳ ಮೈಗೆ ಸರಿಯಾಗಿ ಮಾಡಿದ ವಸ್ತು ಅದೊಂದೇ. ಅವನು ಹೌದು ಎನ್ನಬೇಕೆಂದು, ನಿಮ್ಮನ್ನು ನೋಡಲೆಂದೇ ಬಂದೆ ಎನ್ನಬೇಕೆಂದು ತಾನು ಆಸೆಪಟ್ಟಿದ್ದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಆಸೆಯನ್ನು ಬೈಗುಳದ ಹಾಗೆ ಕೇಳಿದರೆ ಯಾರು ತಾನೇ ಹೌದು ಎಂದಾರು?

ಶುಕ್ರವಾರ ಸಂಜೆ ಮೂಟೆಗಳೆಲ್ಲ ಹೋದವು. ಟೆರೇಸ್ ತೊಳೆದು, ಮೇಜು ಹಾಕಿ, ಅಮ್ಮನನ್ನು ಹೊರಗೆ ನಿಲ್ಲಿಸಿ ಪ್ರಣೀತಾ ಒಳಗಿನಿಂದ ಗಾಜನ್ನು ಎತ್ತಿದಳು. ಅಮ್ಮ ಕಾಣಲಿಲ್ಲ. ಬಗ್ಗಿ ನೋಡಿದರೆ ಹಲಗೆಯ ಅಂಚಿನಲ್ಲಿ ಅಮ್ಮನ ಗದ್ದವೂ ಎರಡು ಕಣ್ಣೂ ಇದ್ದವು.

"ಇದೆಂತ ಮಾರಾಯ್ತಿ, ರೇಷನ್ ಅಂಗಡಿಯಾ?" ಎಂದಳು ಅಮ್ಮ.

ಪ್ರಣೀತಾ ಹಾಲ್ ದಾಟಿ, ಮಂಚ ಸುತ್ತಿ, ಮೆಟ್ಟಿಲಿಳಿದು ಹೊರಗೆ ಓಡಿದಳು. ತಾನು ನಿಂತರೂ ಹಲಗೆ ಎದೆಯ ಮೇಲಕ್ಕಿತ್ತು. ಬಿಸಿ ಗಸಿಯ ಬಟ್ಟಲನ್ನು ಅಲ್ಲಿಂದ ಇಳಿಸಿಕೊಂಡರೆ ಮೈಮೇಲೇ ಬೀಳುವುದು. ವಯಸ್ಸಾದವರಿಗೆ, ಮಕ್ಕಳಿಗೆ ಆಗುವ ಮಾತೇ ಅಲ್ಲ. ಅಡುಗೆಮನೆಗಿಂತ ಟೆರೇಸ್ ಒಂಬತ್ತು ಇಂಚು ಕೆಳಗಿದೆ. ಆ ಒಂಬತ್ತು ಇಂಚನ್ನು ದಿನಕ್ಕೆ ಮೂವತ್ತು ಸಲ ಹತ್ತಿ ಇಳಿದವಳು ಅವಳು. ಅವಳಿಗೂ ಹೊಳೆಯಲಿಲ್ಲ, ಅರ್ಧ ಇಂಚಿಗೆ ನಿದ್ದೆಗೆಟ್ಟವನಿಗೂ ಹೊಳೆಯಲಿಲ್ಲ. ಇಷ್ಟು ದಿನ ಹೊರಗೆ ನಿಂತಾಗಲೆಲ್ಲ ಅವನ ಕಾಲ ಕೆಳಗೆ ಮಣ್ಣಿನ ಮೂಟೆಯಿತ್ತು.

ಅವಳಿಗೆ ನಗು ಬಂತು, ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿದ ಮೇಲೆ ಉಳಿದದ್ದು ಸಿಟ್ಟು. ಫೋನ್ ಮಾಡಿದರೆ ಅವನು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಠಾಣೆಯ ಟ್ರೇನ್ ಹಿಡಿದಳು. ಠಾಣೆಯಲ್ಲಿ ಕಲ್ಯಾಣದ ಟ್ರೇನಿಗೆ ನುಗ್ಗಿದಳು. ಡೊಂಬಿವಲಿಯವರೆಗೂ ಯಾರದೋ ಚೀಲ ಅವಳ ಬೆನ್ನಿಗೆ ಒತ್ತಿಕೊಂಡಿತ್ತು, ಅವಳು ಮನಸ್ಸಿನಲ್ಲೇ ಬೈಗುಳ ಜೋಡಿಸುತ್ತಿದ್ದಳು. ಒಬ್ಬಳ ಮೊಣಕೈಯನ್ನು ನಾಲ್ಕು ಸಲ ಅಳೆದವನಿಗೆ ಇಪ್ಪತ್ತು ಜನ ಎಲ್ಲಿ ನಿಲ್ಲುತ್ತಾರೆ ಎಂದು ಒಮ್ಮೆಯೂ ನೋಡಬೇಕೆನಿಸಲಿಲ್ಲವೇ ಎಂಬುದು ಅದರಲ್ಲಿ ಮೊದಲನೆಯದು.

ಅಂಗಡಿ ಸಿಕ್ಕಿತು. ಗಾಜುಗಳ ನಡುವೆ ಅವನು ಅಲ್ಯುಮಿನಿಯಂ ಪಟ್ಟಿ ಕತ್ತರಿಸುತ್ತಿದ್ದ. ಅವಳನ್ನು ಕಂಡು ಯಂತ್ರ ನಿಲ್ಲಿಸಿದ. ಮೂಲೆಯಲ್ಲಿ ಜೋಳದ ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದ ವಯಸ್ಸಾದ ಹೆಂಗಸು, ಕಲ್ಲವ್ವನೇ ಇರಬೇಕು, ತಲೆಯ ಮೇಲೆ ಸೆರಗು ಎಳೆದುಕೊಂಡು ಅವಳಿಗೆ ಸ್ಟೂಲು ತೋರಿಸಿದಳು. ಪ್ರಣೀತಾ ಕೂರಲಿಲ್ಲ. ಒಂದೇ ಉಸಿರಿಗೆ ಒಂಬತ್ತು ಇಂಚಿನ ಕಥೆಯನ್ನು ಹೇಳಿದಳು.

ಅಷ್ಟು ದೊಡ್ಡ ಮನುಷ್ಯ ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಡಲು ಜಾಗ ಹುಡುಕಿದ. ಕಿಟಕಿ ಕಿತ್ತು, ಗೋಡೆ ಒಡೆದು, ಕೆಳಕ್ಕೆ ಇಳಿಸಿ ಕೊಡುತ್ತೇನೆ ಎಂದ. ನಾಳೆ ಇಪ್ಪತ್ತು ಜನ ಬರುತ್ತಾರೆ ಎಂದು ಅವಳು ನೆನಪಿಸಿದಳು. ಅದೂ ಅಲ್ಲದೆ ಆ ಕಿಟಕಿಯನ್ನು ಯಾರೂ ಮುಟ್ಟಕೂಡದು, ಅದು ನನಗೆ ಸರಿಯಾಗಿದೆ ಎಂದಳು.

"ನಾಲ್ಕು ಸಲ ಅಳತೆ ತೆಗೆದಿರಿ. ಹೊರಗಿನದ್ದು ಯಾಕೆ ಒಂದು ಸಲವೂ ತೆಗೀಲಿಲ್ಲ?"

ಅವನು ಅವ್ವನ ಕಡೆ ನೋಡಿದ. ಅವ್ವ ರೊಟ್ಟಿಯ ಕಡೆ ನೋಡಿದಳು.

"ನೀವು ಒಳಗ ಇದ್ರಿ," ಎಂದ ಅವನು.

ಪ್ರಣೀತಾ ಜೋಡಿಸಿಟ್ಟಿದ್ದ ಬೈಗುಳವೆಲ್ಲ ಅಲ್ಲೇ ನಿಂತಿತು.

"ಹೊರಗ ನಿಂತಾಗೂ ಒಳಗ ನೋಡ್ತಿದ್ನಿ. ಕಾಲ ಕೆಳಗ ಮೂಟಿ ಐತೋ ನೆಲ ಐತೋ, ಖಬರ ಇರಲಿಲ್ಲ. ಕೆಲಸ ಕೆಡಿಸಿ ನಿಮ್ಮನ್ನ ನೋಡಾಕ ಬರಲಿಲ್ರಿ, ಅವ್ವನ ಆಣಿ. ಆದ್ರ ನಿಮ್ಮನ್ನ ನೋಡಿ ಕೆಲಸ ಕೆಟ್ಟದ್ದು ಖರೆ."

ಹೇಳಿ ಅವನು ತಲೆ ತಗ್ಗಿಸಿದ. ಅವನಿಗೆ ನಾಚಿಕೆಯಾದದ್ದು ಪ್ರೀತಿಗೋ ತಪ್ಪು ಅಳತೆಗೋ ಹೇಳುವುದು ಕಷ್ಟ, ಎರಡಕ್ಕೂ ಇರಬೇಕು. ಗುರುವಾರ ನಾನು ಹಾಗೆ ಕೇಳಬಾರದಿತ್ತು ಎಂದು ಪ್ರಣೀತಾ ಹೇಳಿದಳು, ಅದಕ್ಕಿಂತ ಹೆಚ್ಚಿಗೆ ಹೇಳಲು ಕಲ್ಲವ್ವನ ಎದುರು ಬಾಯಿ ಬರಲಿಲ್ಲ. ನಾಳೆ ಹನ್ನೊಂದರ ಒಳಗೆ ಏನಾದರೂ ಮಾಡಿ ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದಳು. ವಾಪಸು ಬರುವ ಟ್ರೇನಿನಲ್ಲಿ ಕೂರಲು ಜಾಗ ಸಿಕ್ಕಿದರೂ ಅವಳು ಕಿಟಕಿಯ ಬಳಿ ನಿಂತೇ ಇದ್ದಳು, ಕೂತರೆ ಪಕ್ಕದವರಿಗೆ ಮುಖ ಕಾಣುತ್ತದೆಂದು.

ಭಾನುವಾರ ಹತ್ತು ಗಂಟೆಗೆ ಟೆಂಪೋದಲ್ಲಿ ಒಂದು ಕಟ್ಟೆ ಬಂತು. ಕಬ್ಬಿಣದ ಚೌಕಟ್ಟು, ಮೇಲೆ ಜಾರದ ಹಲಗೆ, ಎರಡು ಬದಿಗೂ ಮಗು ಕೂಡ ಹತ್ತುವಷ್ಟು ಸಣ್ಣ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ಎತ್ತರ ಸರಿಯಾಗಿ ಒಂಬತ್ತು ಇಂಚು. ಬೆಡ್‌ರೂಮಿನಿಂದ ಅದನ್ನು ಹೊತ್ತು ಟೆರೇಸಿಗೆ ಒಯ್ದು ಕಿಟಕಿಯ ಕೆಳಗೆ ಕೂರಿಸಿದ ಪ್ರಭುದೇವ, ಅಮ್ಮನನ್ನೇ ಮೊದಲು ಹತ್ತಿಸಿ ನಿಲ್ಲಿಸಿದ. ಅಮ್ಮ ಹಲಗೆಯ ಮೇಲೆ ಎರಡೂ ಮೊಣಕೈ ಊರಿ, ಒಳಗಿದ್ದ ಮಗಳನ್ನು ನೋಡಿ, ಸರಿ, ಅಕ್ಕಿ ಕಡೆಯಲು ಹಾಕು ಎಂದಳು.

ಬರುತ್ತೇವೆಂದ ಇಪ್ಪತ್ತು ಜನ ಇಪ್ಪತ್ತಮೂರಾದರು. ಪ್ರಣೀತಾ ಒಳಗೆ ದೋಸೆ ಹುಯ್ದು ಕಿಟಕಿಗೆ ಇಟ್ಟಳು, ಜನ ಕಟ್ಟೆ ಹತ್ತಿ ತೆಗೆದುಕೊಂಡರು. ಹೋಗುತ್ತೇನೆ ಎಂದವನು ಹೋಗದೆ, ಮೀನಿನ ಬಟ್ಟಲುಗಳಿಗೆ ಮೂಗು ಸ್ವಲ್ಪ ಬದಿಗೆ ತಿರುಗಿಸಿಕೊಂಡೇ, ವಯಸ್ಸಾದವರ ಮೇಜಿಗೆ ಬಟ್ಟಲು ಮುಟ್ಟಿಸಿದ. ಅಮ್ಮ ಮಧ್ಯಾಹ್ನವಿಡೀ ಒಂದು ಲೋಟವನ್ನೂ ಬೆಡ್‌ರೂಮಿನಿಂದ ಒಯ್ಯಲಿಲ್ಲ. ಮೂರು ಗಂಟೆಗೆ ಎಲ್ಲರೂ ಹೋದ ಮೇಲೆ, ಮುಂದಿನ ವಾರ ಇಪ್ಪತ್ತೈದು ಜನಕ್ಕೆ ಹೇಳಬಹುದು ಎಂದು ಅಪ್ಪಣೆ ಕೊಟ್ಟು ಮಂಚದ ಮೇಲೆ ಕಾಲು ಚಾಚಿದಳು.

ಪ್ರಣೀತಾ ಕಿಟಕಿಯಲ್ಲಿ ನಿಂತಿದ್ದಳು. ಅವನು ಹೊರಗೆ ಕಟ್ಟೆಯ ಬೋಲ್ಟುಗಳನ್ನು ಕೊನೆಯ ಸಲ ಬಿಗಿ ಮಾಡಿ, ಚೀಲ ಕಟ್ಟಿಕೊಂಡ. ನಿನ್ನೆ ಅಂಥ ಮಾತು ಹೇಳಿದವನು ಇವತ್ತು ಆ ವಿಷಯವನ್ನೇ ಎತ್ತಿರಲಿಲ್ಲ. ಅರ್ಧ ಇಂಚಿಗೆ ನಾಲ್ಕು ಸಲ ಬರುವವನಿಗೆ ಇದನ್ನು ಎರಡನೆಯ ಸಲ ಹೇಳಲು ಆಗುವುದಿಲ್ಲವೇ ಎಂದು ಅವಳು ಬೆಳಗಿನಿಂದ ಕುದಿಯುತ್ತಿದ್ದಳು.

"ಇನ್ನೆಂತಾದರೂ ಬಾಕಿ ಉಂಟಾ?" ಎಂದು ಕೇಳಿದಳು.

"ಏನಿಲ್ರಿ. ಎಲ್ಲಾ ಮುಗೀತು."

"ಹಾಗಾದರೆ ಇನ್ನು ನೀವು ಬರುವುದಿಲ್ಲ."

"ಕೆಲಸದ ಮ್ಯಾಲ ಬರೂದಿಲ್ರಿ." ಅವನು ತಲೆಯೆತ್ತಿದ. "ನೀವು ಕರದ್ರ ಬರ್ತೀನಿ."

"ನಾನು ಕರೆಯುವುದಿಲ್ಲ. ಎರಡು ತಿಂಗಳಿಂದ ನಾನೇ ಫೋನ್ ಮಾಡಿ ಮಾಡಿ ಕರ್ದಿದ್ದೇನೆ, ನನಗೆ ಸಾಕಾಗಿದೆ ಪ್ರಭುದೇವರೇ. ಬರಬೇಕು ಅಂತ ಇದ್ದರೆ ನೀವಾಗಿಯೇ ಬನ್ನಿ. ಮೀನು ನಾನು ಬಿಡುವುದಿಲ್ಲ, ಅದನ್ನೂ ಈಗಲೇ ಹೇಳಿದ್ದೇನೆ."

"ನಾ ತಿನ್ನೂದಿಲ್ಲ. ನೀವು ತಿನಬ್ಯಾಡ್ರಿ ಅಂತ ನಾ ಎಂದಂದೆ? ಅವ್ವಗ ಮೀನಿನ ಮಾತೂ ನಿನ್ನೇನ ಹೇಳೀನಿ."

ಅಷ್ಟು ಹೇಳಿ ಅವನು ಕಟ್ಟೆಯಿಂದ ಇಳಿದ. ಕಿಟಕಿಯ ಚೌಕಟ್ಟಿನಲ್ಲಿ ಗುಡ್ಡ ಮಾತ್ರ ಉಳಿಯಿತು. ಹೋಗಿಯೇಬಿಟ್ಟನೇ ಎಂದು ಅವಳು ಹಲಗೆಯ ಮೇಲೆ ಬಗ್ಗಿ ಇಣುಕಿದಳು. ಅಷ್ಟರಲ್ಲಿ ಬೆಡ್‌ರೂಮಿನಲ್ಲಿ ಅವನ ದನಿ ಕೇಳಿತು. ಅಮ್ಮಾರ, ನಿಮ್ಮ ಮಗಳನ್ನ ಮದವಿ ಆಗತೀರೇನು ಅಂತ ಕೇಳಾಕ ಹೊಂಟೀನ್ರಿ, ಹೋಗ್ಲ್ಯಾ ಎನ್ನುತ್ತಿದ್ದ. ಅಮ್ಮ ಏನೆಂದಳೋ ಕೇಳಲಿಲ್ಲ. ಆಮೇಲೆ ಹಾಲ್‌ನಲ್ಲಿ ಹೆಜ್ಜೆ ಕೇಳಿತು, ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಬಂದೀನ್ರಿ," ಎಂದ.

ಇಷ್ಟು ಹೊತ್ತು ಕೂಡಿಟ್ಟ ಸಿಟ್ಟನ್ನು ಅವಳು ಹುಡುಕಿದಳು, ಒಂದು ಚೂರೂ ಸಿಗಲಿಲ್ಲ. ಮಸಿ ಹತ್ತಿದ, ಬೋಲ್ಟು ಬಿಗಿದು ಕೆಂಪಾದ ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಹ್ಞೂಂ ಎಂದಳು. ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. ಅವನು ಮೊದಲ ಬಾರಿಗೆ, ಯಾವ ಅಳತೆಯ ನೆಪವೂ ಇಲ್ಲದೆ, ಅವಳ ಮುಖವನ್ನೇ ನೋಡುತ್ತ ಹತ್ತಿರ ಬಂದ.

"ಪ್ರಣೀತಾ," ಎಂದು ಬೆಡ್‌ರೂಮಿನಿಂದ ಅಮ್ಮ ಕೂಗಿದಳು, "ಮೊದಲು ಆ ಕಿಟಕಿ ಇಳಿಸು. ಪಕ್ಕದ ಬಿಲ್ಡಿಂಗಿನವರಿಗೆಲ್ಲ ಕಾಣ್ತದೆ."